ಗಂಡ-ಹೆಂಡತಿ, ಎರಡು ಚೀಲ, ಕಾರಿಲ್ಲ: ಮಲ್ಪೆಯಿಂದ ಕಾರವಾರದವರೆಗೆ ಕುದ್ರು, ಕುರ್ವೆ ಸುತ್ತಿದ್ದು

ಕೊಬ್ಬರಿಸೀಮೆ

ಕಳೆದ ನವೆಂಬರಿನಲ್ಲಿ ಈ ಪ್ರವಾಸದ ವೇದಿಕೆಯಲ್ಲಿ “ಅಂಡಮಾನೋ, ಲಕ್ಷದ್ವೀಪವೋ” ಅಂತ ಕೇಳಿ ಎಲ್ಲರ ತಲೆ ತಿಂದವಳು ನಾನೇ. ಎರಡಕ್ಕೂ ಹೋಗಲಿಲ್ಲ. ಅಂಡಮಾನಿನ ವಿಮಾನದ ರೇಟು ನೋಡಿ ನಮ್ಮನೆಯವರು ಮೊಬೈಲನ್ನೇ ಮಗುಚಿಟ್ಟರು. ಲಕ್ಷದ್ವೀಪಕ್ಕೆ ಪರ್ಮಿಟ್ಟು, ಹಡಗಿನ ದಿನ, ನಮ್ಮ ದಿನ, ಮೂರೂ ಕೂಡಿಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹೆಗಲಿಗೆ ಒಂದೊಂದು ಚೀಲ ಹಾಕ್ಕೊಂಡು ಮಲ್ಪೆಯಿಂದ ಕಾರವಾರದ ತನಕ ಒಂಬತ್ತು ದಿನ ಸುತ್ತಿ ಬಂದ್ವಿ. ಬಸ್ಸು, ಪ್ಯಾಸೆಂಜರ್ ರೈಲು, ದೋಣಿ. ಉಳಿದದ್ದು ಕಾಲು.

ನಾನು ತಿಪಟೂರು ಕಡೆಯವಳು. ನಮ್ಮಲ್ಲಿ ನೀರು ಅಂದ್ರೆ ಬೋರು. ಕೆರೆ ಕೋಡಿ ಬಿದ್ದ ವರ್ಷ ಊರೇ ಹೋಗಿ ಬಾಗಿನ ಕೊಡುತ್ತೆ. ದೋಣಿ ಹತ್ತಿದ್ದೇ ಐವತ್ತೆಂಟನೇ ವಯಸ್ಸಿಗೆ. ಅದಕ್ಕೆ ಕರಾವಳಿಯವರು ಇದನ್ನು ಓದಿ ನಗಬೇಡಿ, ನಕ್ಕರೂ ಮೆಲ್ಲಗೆ ನಗಿ.

ಮೊದಲು ಸೇಂಟ್ ಮೇರೀಸ್. ಮಲ್ಪೆಯಿಂದ ಬೋಟು. ಭರ್ತಿಯಾಗೋ ತನಕ ಬಿಡಲ್ಲ, ಬಿಟ್ಟ ಮೇಲೆ ಸ್ಪೀಕರಿನ ಹಾಡು ಬಿಡಲ್ಲ. ದ್ವೀಪದ ಹತ್ತಿರ ಚಿಕ್ಕ ದೋಣಿಗೆ ಇಳಿಸಿ ದಡ ಮುಟ್ಟಿಸಿದರು. ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ. ಕಲ್ಲುಗಳಂತೂ ಯಾರೋ ರಂದಾ ಹೊಡೆದು ಜೋಡಿಸಿಟ್ಟ ಕಂಬಗಳ ಹಾಗೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರು ಇಟ್ಟ ಅಂತಾರೆ. ನಾವು ಇಳಿದ ದಿನ ಒಂದು ಕಾಲೇಜಿನ ಎರಡು ಬಸ್ಸು ಹುಡುಗರು ಇಳಿದಿದ್ದರು. ಚೆನ್ನಾಗಿದೆ. ಆದರೆ ಒಂದೂವರೆ ಗಂಟೆಗೆ ಸೀಟಿ ಊದಿ ವಾಪಸ್ ಕರೆದರು. ಅಷ್ಟರಲ್ಲಿ ದ್ವೀಪದ ಜೊತೆ ಏನು ಪರಿಚಯ ಆಗುತ್ತೆ?

ನಿಜವಾದ ಪರಿಚಯ ಆಗಿದ್ದು ಮರುದಿನ, ಕೋಡಿಬೆಂಗ್ರೆಯಲ್ಲಿ. ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ಹೊಳೆ, ನಡುವೆ ತೆಂಗಿನ ಮರ, ಮನೆ, ಒಂದು ರಸ್ತೆ. ನಡೀತಾ ನಡೀತಾ ನೆಲ ಸಣ್ಣಗಾಗಿ ಆಗಿ ಕೊನೆಗೆ ಮುಗಿದೇ ಹೋಗುತ್ತೆ. ಸೀತಾ, ಸುವರ್ಣಾ ಎರಡೂ ಅಲ್ಲೇ ಕಡಲಿಗೆ ಸೇರೋದು. ಬಲೆ ಹೆಣೀತಿದ್ದ ಹಿರಿಯರೊಬ್ಬರನ್ನು “ಇದೇನು ಸಂಗಮನಾ?” ಅಂತ ಕೇಳಿದೆ. “ಸಂಗಮ ಎಲ್ಲ ಪುರಾಣದಲ್ಲಿ. ಇದು ಅಳಿವೆ” ಅಂದ್ರು. ಎಷ್ಟು ಒಳ್ಳೇ ಮಾತು, ಅಳಿವೆ! ಹೊಳೆ ಹೊಳೆಯಾಗಿ ಅಳಿಯೋ ಜಾಗ ಅಂತ ನಾನೇ ಅರ್ಥ ಮಾಡಿಕೊಂಡೆ. ಪಂಡಿತರು ತಪ್ಪು ಅಂದರೂ ನಾನು ಹಾಗೇ ಇಟ್ಟುಕೊಳ್ತೀನಿ. ಅಲ್ಲಿಂದ ಹಂಗಾರಕಟ್ಟೆಗೆ ನೀರಲ್ಲೇ ದಾಟಿದ್ವಿ.

ಆಮೇಲೆ ನಮ್ಮ ಪ್ಲಾನೇ ಬದಲಾಯ್ತು. ಬೀಚು ಬಿಟ್ಟು ಅಳಿವೆ ಹಿಡಿದ್ವಿ. ಹೊಳೆಯೊಳಗಿನ ನಡುಗಡ್ಡೆಗೆ ಉಡುಪಿ-ಕುಂದಾಪುರದ ಕಡೆ ಕುದ್ರು ಅಂತಾರೆ, ಹೊನ್ನಾವರದ ಕಡೆ ಅದೇ ಕುರ್ವೆ. ತಿಮ್ಮಣ್ಣ ಕುದ್ರು, ಉಪ್ಪಿನಕುದ್ರು, ಮಾವಿನಕುರ್ವೆ. ದ್ವೀಪ ಬೇಕು ಅಂತ ಬಂಗಾಳ ಕೊಲ್ಲಿಯ ಆಚೆಗೆ ಹೊರಟಿದ್ವಲ್ಲ, ಇಲ್ಲಿ ಹೊಳೆಗೊಂದು ಹಿಂಡು ದ್ವೀಪ ಕೂತಿವೆ. ಅವುಗಳ ಮೇಲೆ ಗದ್ದೆ, ಶಾಲೆ, ದೇವಸ್ಥಾನ, ಸೈಕಲ್ ರಿಪೇರಿ ಅಂಗಡಿ ಎಲ್ಲಾ ಇದೆ.

ಮರವಂತೆಯನ್ನು ಬಸ್ಸಿನಿಂದ ನೋಡಿದ್ವಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಬಸ್ಸಲ್ಲಿದ್ದವರಿಗೆ ಅದು ದಿನಾ ನೋಡಿದ್ದೇ, ಅರ್ಧ ಜನ ನಿದ್ದೆ. ನಾನು ಮಾತ್ರ ಎರಡೂ ಕಿಟಕಿಗೆ ಓಡಾಡಿ ಕಂಡಕ್ಟರ್ ಹತ್ತಿರ ಬೈಸಿಕೊಂಡೆ.

ಈಗ ತದಡಿ. ಇದನ್ನು ಹೇಳೋಕೇ ಈ ಪೋಸ್ಟು.

ಕುಮಟಾದಿಂದ ಅಘನಾಶಿನಿ ಅನ್ನೋ ಊರಿಗೆ ಬಸ್ಸಲ್ಲಿ ಹೋಗಿ ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಿದರೆ ಗೋಕರ್ಣ ಪಕ್ಕದಲ್ಲೇ. ದಾಟೋಕೆ ಹತ್ತು ಹದಿನೈದು ನಿಮಿಷ, ರಸ್ತೆಯಲ್ಲಿ ಸುತ್ತಿದರೆ ಮೂವತ್ತು ಕಿಲೋಮೀಟರಿನ ಮೇಲೆ. ನಾವು ಹೋದಾಗ ನೀರು ಇಳಿದಿತ್ತು. ದೋಣಿ ಆಚೆ ಕಡೆ ಇತ್ತು. ನಮ್ಮನೆಯವರು ಬಗ್ಗಿ ಏಡಿ ನೋಡ್ತಾ ಇದ್ದರು, ಕನ್ನಡಕ ಜಾರಿ ನೀರಿಗೆ ಬಿತ್ತು. ಪಾಚಿ ಕಟ್ಟಿದ ಮೆಟ್ಟಿಲು, ಅದರಾಚೆ ಮೊಣಕಾಲುದ್ದ ಕೆಸರು ನೀರು. ಆ ಕನ್ನಡಕ ಇಲ್ಲದಿದ್ದರೆ ಈ ಮನುಷ್ಯನಿಗೆ ಕಡಲೂ ಕಾಣಲ್ಲ, ಹೆಂಡತಿಯೂ ಕಾಣಲ್ಲ.

ಅಲ್ಲೇ ನಾಲ್ಕೈದು ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು, ಅಂದ್ರೆ ಕೆಸರಲ್ಲಿರೋ ಚಿಪ್ಪಿನ ಜೀವಿ, ತೆಗೀತಿದ್ದರು. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತೇಲೋ ಬುಟ್ಟಿ. ಅವರು ಕಣ್ಣಲ್ಲಿ ಹುಡುಕಲ್ಲ, ಕಾಲಲ್ಲಿ ಹುಡುಕ್ತಾರೆ. ಪಾದ ಕೆಸರೊಳಗೆ ಮೆಲ್ಲಗೆ ತಿರುಗುತ್ತೆ, ಏನೋ ತಗುಲಿದ ಕೂಡಲೇ ಮುಳುಗಿ ಕೈ ಹಾಕಿ ತೆಗೆದು ಬುಟ್ಟಿಗೆ. ಮಾತು ಮಾತ್ರ ನಿಲ್ಲಲ್ಲ. ನನ್ನ ಗೋಳು ಕೇಳಿ ಒಬ್ಬರು ಈ ಕಡೆ ಬಂದರು. ನಮಗಿಂತ ದೊಡ್ಡವರೇ ಇರಬೇಕು. ಕಾಲಲ್ಲಿ ಎರಡು ಸುತ್ತು ತಡವಿದರು, ಮೂರನೇ ಸಲ ನಿಂತು, “ಇದು ಬಳಚಲ್ಲ” ಅಂದರು. ಮೇಲೆ ಬಂದಿದ್ದು ಕನ್ನಡಕ, ಒಂದು ಗಾಜಿನ ಮೇಲೆ ಸಣ್ಣ ಏಡಿಮರಿ ಸಮೇತ.

ದುಡ್ಡು ಕೊಟ್ಟರೆ ತಗೊಳ್ಳಲೇ ಇಲ್ಲ. “ಹುಡುಕಿದ್ದಕ್ಕೆ ಎಂಥ ದುಡ್ಡು? ಬೇಕಾದ್ರೆ ಬಳಚು ತಕ್ಕೊಳ್ಳಿ” ಅಂದರು. ನಾವು ಮೊಟ್ಟೆಯೂ ಮುಟ್ಟದವರು. ಆದರೆ ಆ ಹೊತ್ತಲ್ಲಿ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಒಂದು ಪಾಲು ಬಳಚು ಪ್ಲಾಸ್ಟಿಕ್ ಚೀಲದಲ್ಲಿ ಹಿಡ್ಕೊಂಡು ಶಿವಶಿವಾ ಅಂತ ದೋಣಿ ಹತ್ತಿದೆ. ಚೀಲದೊಳಗೆ ಅವು ಕಟಕಟ ಅನ್ನೋದು ಬೆರಳಿಗೆ ಗೊತ್ತಾಗ್ತಿತ್ತು. ಆಚೆ ದಡದಲ್ಲಿ ದೋಣಿಯವನ ಕೈಗೆ ಕೊಟ್ಟೆ. “ಅಕ್ಕ, ಸಂಜೆ ಸುಕ್ಕ ಮಾಡ್ತೇವೆ, ಬನ್ನಿ” ಅಂತ ಕರೆದ. ಪಾಪ.

ಖರ್ಚಿನ ವಿವರ ಬೇಕಾದವರು ಕೇಳಿ. ಕಾರವಾರದ ಒಂದು ವಸತಿಗೃಹದವರು ಬುಕ್ಕಿಂಗ್ ಇಲ್ಲ ಅಂತ ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ನಿಲ್ಲಿಸಿದ ಕಥೆ ಬೇರೆ ಇದೆ. ಅದನ್ನು ಬರೆದರೆ ಮತ್ತೆ ಬಿ.ಪಿ. ಏರುತ್ತೆ.

ಕುಂದಾಪ್ರ ಮಾಣಿ

ಹ್ವಾಯ್, ಕುಂದಾಪ್ರಕ್ಕೆ ಒಂದ್ ಸಾಲೂ ಇಲ್ಯಾ? ಎಂತ ಅನ್ಯಾಯ ಮಾರ್ರೆ! ಎಲ್ಲರಿಗೂ ಅರ್ಥ ಆಗ್ಲಿ ಅಂತ ಪೇಟೆ ಕನ್ನಡದಲ್ಲೇ ಬರೀತೆ.

ಅಳಿವೆ ನೋಡಲು ಬಂದವರು ಗಂಗೊಳ್ಳಿಯ ಪಂಚಗಂಗಾವಳಿ ಬಿಟ್ಟು ಹೋದರೆ ಹೇಗೆ? ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದು ಹೊಳೆ ಒಂದೇ ಬಾಯಲ್ಲಿ ಕಡಲಿಗೆ ಬೀಳುವ ಜಾಗ. ಕುಂದಾಪುರಕ್ಕೆ ಮೂರು ಬದಿ ನೀರು. ಕೋಡಿಯಲ್ಲಿ ನಿಂತರೆ ಎದುರಿಗೇ ಗಂಗೊಳ್ಳಿ ಬಂದರು, ಕೂಗಿದರೆ ಕೇಳಬೇಕು. ರಸ್ತೆಯಲ್ಲಿ ಮಾತ್ರ ದೊಡ್ಡ ಸುತ್ತು.

ಉಪ್ಪಿನಕುದ್ರುವಿಗೆ ಹೋದಿರಿ, ಗೊಂಬೆ ನೋಡಿದ್ರಾ? ಯಕ್ಷಗಾನದ ಸೂತ್ರದ ಗೊಂಬೆಯಾಟ ಅಂದರೆ ಆ ಊರೇ. ಕೊಗ್ಗ ಕಾಮತರು ಅದನ್ನು ಹೊರದೇಶದವರೆಗೂ ತಕ್ಕೊಂಡು ಹೋದವರು. ಬರೇ ತೆಂಗಿನ ಮರ ನೋಡಿ ಬಂದಿದ್ದರೆ ಇನ್ನೊಮ್ಮೆ ಬನ್ನಿ.

ಕೊಬ್ಬರಿಸೀಮೆ

ತೆಂಗಿನ ಮರವನ್ನೇ ನೋಡಿ ಬಂದ್ವಿ. ತಿಪಟೂರಿನವರು ಮತ್ತೇನು ನೋಡ್ತೀವಿ! ಇವರಂತೂ ಮರಕ್ಕೆ ಎಷ್ಟು ಕಾಯಿ ಅಂತ ಎಣಿಸ್ತಾ ನಿಂತರು. ಗೊಂಬೆ ತಪ್ಪಿತು. ಮುಂದಿನ ಸಲಕ್ಕೆ ಬರೆದಿಟ್ಟುಕೊಂಡೆ.

ಕಲ್ಲುಕುಟಿಗ

ಸೇಂಟ್ ಮೇರೀಸ್ ಕಲ್ಲನ್ನು ಎಲ್ಲರೂ ಬಸಾಲ್ಟ್ (ಲಾವಾ ತಣಿದು ಆದ ಕಪ್ಪು ಕಲ್ಲು) ಅಂತಾರೆ, ಇಲ್ಲಿ ಯಾರೂ ಇನ್ನೂ ಅಂದಿಲ್ಲ, ಅನ್ನುವ ಮೊದಲೇ ಹೇಳಿಬಿಡುತ್ತೇನೆ. ಸಿಲಿಕಾ ಹೆಚ್ಚಿರುವ ಲಾವಾ ಅದು, ಡೇಸೈಟ್–ರಯೋಲೈಟ್ ಜಾತಿಯದು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದ್ದು. ಅಂದರೆ ಆ ಕಂಬಕ್ಕೆ ಒರಗಿ ನೈಋತ್ಯಕ್ಕೆ ನೋಡಿದರೆ ನೀವು ನೋಡುತ್ತಿರುವುದು ನಮ್ಮಿಂದ ಪಾಲಾಗಿ ಹೋದ ದಾಯಾದಿಯ ದಿಕ್ಕನ್ನು.

ರಂದಾ ಹೊಡೆದಂತೆ ಕಾಣುವುದಕ್ಕೆ ಕಾರಣ ಸರಳ. ಕೆರೆ ಬತ್ತಿದಾಗ ತಳದ ಎರೆಮಣ್ಣು ಬಿಲ್ಲೆ ಬಿಲ್ಲೆಯಾಗಿ ಬಿರಿಯುತ್ತದಲ್ಲ, ಹಾಗೇ. ಲಾವಾ ತಣಿಯುತ್ತ ಕುಗ್ಗುತ್ತದೆ, ಮೇಲ್ಮೈಯಲ್ಲಿ ಬಿರುಕು ಬಿಡುತ್ತದೆ, ತಂಪು ಒಳಗಿಳಿದಂತೆ ಬಿರುಕೂ ಇಳಿಯುತ್ತದೆ. ಬಿಲ್ಲೆಯ ಬದಲು ಕಂಬ. ಆರು ಮೂಲೆಯವು ಹೆಚ್ಚು, ಐದರವು ಏಳರವೂ ಇವೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೆಸರು ಕೆತ್ತುವ ಪ್ರೇಮಿಗಳಿಗೆ ಅದು ತಿಳಿಯಬೇಕಷ್ಟೆ.

ಗ್ಲಾಸ್ಗೋ ಗೌಡ

ಕಲ್ಲುಕುಟಿಗ ಸರ್, ನಿಮ್ಮ ಮಾತಿಗೆ ನಮ್ಮನೆಯದೊಂದು ಜಗಳ ಸೇರಿಸ್ತೀನಿ. ನಾವಿಬ್ಬರೂ ಸ್ಕಾಟ್ಲೆಂಡಿನಲ್ಲಿರೋದು. ಹೆಂಡತಿ ಉಡುಪಿಯವಳು. ಜೂನ್‌ನಲ್ಲಿ ಸ್ಟಾಫಾ ಅನ್ನೋ ದ್ವೀಪಕ್ಕೆ ಹೋಗಿದ್ವಿ. ಓಬನ್‌ನಿಂದ ಮಲ್ ದ್ವೀಪಕ್ಕೆ ದೊಡ್ಡ ಫೆರಿ, ಅಲ್ಲಿಂದ ಬಸ್ಸಲ್ಲಿ ಆ ದ್ವೀಪದ ಇನ್ನೊಂದು ತುದಿ ಫಿಯೊನ್‌ಫೋರ್ಟ್, ಅಲ್ಲಿಂದ ಚಿಕ್ಕ ದೋಣಿ. ಗಾಳಿ ಜಾಸ್ತಿ ಇದ್ದರೆ ಇಳಿಸಲ್ಲ, ಸುತ್ತು ಹಾಕಿಸಿ ವಾಪಸ್. ನಮ್ಮ ಪುಣ್ಯ, ಇಳಿಸಿದರು.

ಫಿಂಗಲ್ಸ್ ಕೇವ್ ಅಂತ ಗುಹೆ. ಎರಡೂ ಗೋಡೆ ಪೂರ್ತಿ ಕಂಬಗಳೇ, ಒಳಗೆ ಅಲೆ ನುಗ್ಗಿದಾಗ ಯಾರೋ ದೊಡ್ಡ ನಗಾರಿ ತಟ್ಟಿದ ಹಾಗೆ ಸದ್ದು. 1829ರಲ್ಲಿ ಸಂಗೀತಗಾರ ಮೆಂಡೆಲ್ಸನ್ ಬಂದು ಈ ಸದ್ದಿಗೆ ಮರುಳಾದ ಅಂತ ದೋಣಿಯವನು ವಿವರಿಸ್ತಿದ್ದ. ಎಲ್ಲರೂ ಬಾಯಿಬಿಟ್ಟು ನಿಂತಿದ್ದಾರೆ. ಇವಳು ಸುತ್ತ ನೋಡಿ, “ಇಷ್ಟೇನಾ? ಇದು ನಮ್ಮ ಮಲ್ಪೆ!” ಅಂದಳು. ಚಳಿಗೆ ಹಲ್ಲು ಕಡೀತಾ ಅಷ್ಟು ದುಡ್ಡು ಸುರಿದು ಹೋದ ನನಗೆ ಹೇಗಾಗಿರಬೇಡ!

ಪಫಿನ್ ಹಕ್ಕಿ ನೋಡಿದ ಮೇಲೆ ಸ್ವಲ್ಪ ಸಮಾಧಾನ ಆದಳು. ಮೇ ತಿಂಗಳಿಂದ ಆಗಸ್ಟ್ ಮೊದಲ ವಾರದೊಳಗೆ ಹೋದರೆ ಅವು ಸಿಗ್ತವೆ. ಹುಲ್ಲಲ್ಲಿ ಸುಮ್ಮನೆ ಕೂತರೆ ಪಕ್ಕದಲ್ಲೇ ಇಳೀತವೆ.

ಕಲ್ಲುಕುಟಿಗ

ಸ್ಟಾಫಾದ್ದು ಮಾತ್ರ ಅಪ್ಪಟ ಬಸಾಲ್ಟ್. ವಯಸ್ಸಿನಲ್ಲೂ ಮಲ್ಪೆಯದೇ ಎರಡು ಕೋಟಿಗೂ ಹೆಚ್ಚು ವರ್ಷ ಹಿರಿದು. ನಿಮ್ಮ ಯಜಮಾನತಿಗೆ ಇದನ್ನು ಹೇಳಬೇಡಿ.

ಬಂದರು ದಕ್ಕೆ

ಲಕ್ಷದ್ವೀಪದ ಮಾತು ಬಂತು ಅಂತ ಹೇಳ್ತೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಅಮಿನ್‌ದೀವಿ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಲೆಕ್ಟರು ಮಂಗಳೂರಿನಲ್ಲಿ. ಈಗಲೂ ಹಳೇ ಬಂದರಿನಿಂದ ಅಲ್ಲಿಗೆ ಮಂಜಿಯಲ್ಲಿ (ಸರಕಿನ ಮರದ ಹಡಗು) ಸಾಮಾನು ಹೋಗ್ತದೆ: ಜಲ್ಲಿ, ಸಿಮೆಂಟು, ಅಕ್ಕಿ, ತರಕಾರಿ. ದಕ್ಕೆಯಲ್ಲಿ ನಿಂತು ನೋಡಿದರೆ ಅರ್ಧ ಲಕ್ಷದ್ವೀಪ ಇಲ್ಲೇ ಮೂಟೆ ಕಟ್ಟಿ ಕೂತ ಹಾಗೆ ಕಾಣ್ತದೆ. ಪರ್ಮಿಟ್ ಇಲ್ಲದೆ ನೋಡಲು ಸಿಗುವುದು ಅಷ್ಟೇ.

ಧಾರವಾಡದಾಕಿ

ಅಕ್ಕಾರ, ಭಾಳ ಛಲೋ ಬರ್ದೀರಿ. ಬಳಚಿನ ಚೀಲಾ ಹಿಡ್ಕೊಂಡು ಶಿವಶಿವಾ ಅಂದಿದ್ದು ಓದಿ ಆಫೀಸಿನ್ಯಾಗ ನಕ್ಕು ಎಲ್ಲಾರೂ ತಿರುಗಿ ನೋಡಿದ್ರು. ನಾವೂ ಮಾರ್ಚ್‌ನ್ಯಾಗ ಹೋಗಬೇಕಂತ ಮಾಡೀವ್ರಿ. ನಾನು, ನಮ್ಮನ್ಯಾರು, ಜೋಡಿಗೆ ನಮ್ಮತ್ತಿ. ಅವರ ವಯಸ್ಸು ಎಪ್ಪತ್ತೊಂದು. ತದಡಿ ದ್ವಾಣ್ಯಾಗ ಅವರನ್ನ ಹತ್ತಿಸಬಹುದೇನ್ರಿ? ನೀರು ಯಾವಾಗ ಏರತೈತಿ, ಯಾವಾಗ ಇಳಿತೈತಿ, ಅದು ಹೆಂಗ ತಿಳೀಬೇಕು?

ಕಗ್ಗದ ಗದ್ದೆ

ಧಾರವಾಡದ ತಂಗಿ, ನಾನು ಅಘನಾಶಿನಿ ಹೊಳೆ ದಡದವ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿನದಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಅಮಾಸೆ, ಹುಣ್ಣಿಮೆಯ ಆಸುಪಾಸು ನೀರು ಜೋರು ಏರ್ತದೆ, ಜೋರು ಇಳೀತದೆ. ಅಷ್ಟಮಿ ಹೊತ್ತಿಗೆ ಎರಡೂ ಮೆತ್ತಗೆ. ಅತ್ತೆಯವರನ್ನು ಕರೆದುಕೊಂಡು ಬರುವುದಾದರೆ ನೀರು ತುಂಬಿದ ಹೊತ್ತೇ ಒಳ್ಳೆಯದು, ದೋಣಿ ದಕ್ಕೆಗೆ ಸಮನಾಗಿ ನಿಲ್ತದೆ. ಬಳಚಿನವರನ್ನು ನೋಡಬೇಕಾದರೆ ಇಳಿತವೇ ಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕೊಬ್ಬರಿಸೀಮೆಯವರೇ, ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದಿರಾ? ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಅಂತ ಭತ್ತ ಬೆಳೀತೇವೆ. ನೆರೆ ಬಂದು ಮುಳುಗಿದರೂ ತಡಕೊಳ್ತದೆ, ಉಪ್ಪಿಗೂ ಅಂಜುವುದಿಲ್ಲ. ಹಕ್ಕಿ, ಮೀನು, ಮನುಷ್ಯ ಮೂವರಿಗೂ ಪಾಲು ಹೋದ ಮೇಲೆ ಉಳಿದದ್ದು ಫಸಲು. ಈಗ ಬೆಳೆಯುವವರು ಕಡಿಮೆ, ಹೆಚ್ಚಿನವರು ಸಿಗಡಿಗೆ ಹೋಗಿಬಿಟ್ಟರು.

ಈ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲ. ಉಂಚಳ್ಳಿ ಜಲಪಾತದಲ್ಲಿ 116 ಮೀಟರ್ ಹಾರಿ ಬಿದ್ದ ನೀರೇ ನಿಮ್ಮ ಯಜಮಾನರ ಕನ್ನಡಕ ನುಂಗಿದ್ದು. 2024ರಲ್ಲಿ ಅಳಿವೆಯ 4801 ಹೆಕ್ಟೇರನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿಸಿದರು. ಬಳಚು ತೆಗೆಯುವವರಿಗೆ ರಾಮ್ಸಾರ್ ಅಂದರೆ ಯಾರು ಅಂತ ಗೊತ್ತಿಲ್ಲ. ನೀರು ಕೆಟ್ಟರೆ ಮಾತ್ರ ಅವರ ಕಾಲಿಗೇ ಮೊದಲು ಗೊತ್ತಾಗುವುದು.

ಕುರ್ವೆ ಹುಡುಗಿ

ಎಲ್ಲರೂ ದೋಣಿ ದೋಣಿ ಅಂತ ಹಾಡಿಹೊಗಳ್ತಾ ಇದ್ದೀರಿ. ನಾನು ಹುಟ್ಟಿದ್ದು ಕುರ್ವೆಯಲ್ಲಿ, ಊರಿನ ಹೆಸರು ಬೇಡ. ನಾನು ಹೈಸ್ಕೂಲಿಗೆ ಹೋಗುವಾಗ ಸೇತುವೆ ಇರಲಿಲ್ಲ. ಪರೀಕ್ಷೆಯ ದಿನ ದೋಣಿ ತಪ್ಪಿದರೆ ವರ್ಷವೇ ಹೋಯಿತು. ನಮ್ಮ ಅತ್ತಿಗೆಗೆ ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಶುರುವಾಯಿತು. ಇಳಿತದ ಹೊತ್ತು. ದೋಣಿ ನಡುವೆ ಕೆಸರಿಗೆ ಕೂತಿತು. ಅಣ್ಣ ಮತ್ತೆ ಇಬ್ಬರು ನೀರಿಗಿಳಿದು ದೂಡಿದರು. ಲಾಟೀನು ಹಿಡಿದವಳು ನಾನು. ಮಗು ಉಳಿಯಲಿಲ್ಲ.

ನಿಮಗೆ ಕಾಯುವುದು ಚಂದ, ಯಾಕೆಂದರೆ ಒಂಬತ್ತು ದಿನ. ಸೇತುವೆ ಬಂದ ಮೇಲೆ ಊರಿನ ಚಂದ ಹೋಯಿತು ಅಂತ ಯಾರಾದರೂ ಫೋಟೋ ತೆಗೆಯುವವರು ಹೇಳಿದರೆ ನನಗೆ ಸಿಟ್ಟು ಬರ್ತದೆ. ಕೊಬ್ಬರಿಸೀಮೆಯವರೇ, ನಿಮಗೆ ಹೇಳಿದ್ದಲ್ಲ, ನೀವು ಹಾಗೆ ಬರೆದೂ ಇಲ್ಲ. ಆದರೂ ಹೇಳಬೇಕು ಅನಿಸಿತು.

ಕೊಬ್ಬರಿಸೀಮೆ

ತಂಗಿ, ನನಗೇ ಹೇಳಿದ್ದು ಅಂತ ಇಟ್ಟುಕೊಳ್ತೀನಿ. ಇಲ್ಲಿ ಬರೆದಿಲ್ಲ ನಿಜ, ಆದರೆ ಹೊನ್ನಾವರದಲ್ಲಿ ಇವರ ಹತ್ತಿರ “ಈ ಸೇತುವೆ ಇಲ್ಲದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು” ಅಂತ ಬಾಯಿಬಿಟ್ಟು ಅಂದಿದ್ದೆ. ನಮ್ಮೂರಿಗೆ ನಲ್ಲಿ ಬರೋ ಮೊದಲು ಬಾವಿಕಟ್ಟೆ ಎಷ್ಟು ಚಂದ ಅಂತ ಬೆಂಗಳೂರಿನ ನೆಂಟರು ಅಂದಾಗ ನನ್ನ ಅಮ್ಮ ಕೊಡ ಅವರ ಕೈಗೇ ಕೊಟ್ಟಿದ್ದಳು. ಅದನ್ನು ನಾನೇ ಮರೆತೆ.

ಡಬಲ್ ಬೆಲ್

ನಮಸ್ಕಾರ. ಈ ಪೋಸ್ಟಿನಲ್ಲಿ “ನಮ್ಮನೆಯವರು” ಅಂತ ಬಂದಿರೋನು ನಾನೇ. ಮಗಳು ಲಿಂಕ್ ಕಳಿಸಿದಳು, ಅದಕ್ಕೆ ಖಾತೆ ತೆರೆದೆ. ಕೆಲವು ತಿದ್ದುಪಡಿ.

ನಾನು ಏಡಿ ನೋಡ್ತಿರಲಿಲ್ಲ. ದೋಣಿಯಲ್ಲಿ ಎಷ್ಟು ಲೈಫ್ ಜಾಕೆಟ್ ಇದೆ ಅಂತ ಎಣಿಸ್ತಿದ್ದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದವನು, ಯಾವ ಗಾಡಿ ಹತ್ತಿದರೂ ಎಣಿಸ್ತೀನಿ. ಒಂಬತ್ತು ದಿನದಲ್ಲಿ ಏಳು ಸಲ ದೋಣಿ ಹತ್ತಿದ್ವಿ. ಜಾಕೆಟ್ ಕೇಳದೇ ಕೊಟ್ಟಿದ್ದು ಮೂರು ಕಡೆ. ಕೇಳಿದ ಮೇಲೆ ಕೊಟ್ಟಿದ್ದು ಎರಡು ಕಡೆ. ಉಳಿದ ಎರಡರಲ್ಲಿ ನಕ್ಕರು.

ಕಾರವಾರದಲ್ಲಿ ಕೂರ್ಮಗಡಕ್ಕೆ ಹೋಗೋಣ ಅಂತ ಇವಳು ಹಟ ಹಿಡಿದಳು. ಸಿಕ್ಕ ದೋಣಿಯಲ್ಲಿ ಜನ ಜಾಸ್ತಿ, ಜಾಕೆಟ್ ಕಡಿಮೆ. ನಾನು ಹತ್ತಲಿಲ್ಲ, ಹತ್ತೋಕೆ ಬಿಡಲೂ ಇಲ್ಲ. 2019ರ ಜನವರಿಯಲ್ಲಿ ಆ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಇದ್ದರು. ದಡದಲ್ಲೇ ನಿಂತು ನೋಡಿ ಬಂದ್ವಿ. ಅದಕ್ಕೆ ಇವಳು ಕೂರ್ಮಗಡದ ಹೆಸರೇ ಎತ್ತಿಲ್ಲ, ಗಮನಿಸಿ.

ಇನ್ನೊಂದು ಸಂಗತಿ. ಯಾಂತ್ರೀಕೃತ ಮೀನುಗಾರಿಕೆ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ಬೋಟೂ ಇರಲ್ಲ. ಆಗ ಬಂದು ದೋಣಿ ಇಲ್ಲ ಅಂತ ಯಾರನ್ನೂ ಬೈಬೇಡಿ.

ಕುಂದಾಪ್ರ ಮಾಣಿ

ಹೋಯ್ ಡಬಲ್ ಬೆಲ್ ಅಣ್ಣ, ಮರವಂತೆಯಲ್ಲಿ ನಿಮ್ಮ ಹೆಂಡ್ತಿಗೆ ಬೈದ ಕಂಡಕ್ಟರಿಗೆ ನೀವು ಎಂತ ಹೇಳಿದ್ರಿ?

ಡಬಲ್ ಬೆಲ್

ಅವನು ಬೈದದ್ದು ಸರಿಯಾಗಿತ್ತು. ನಾನಾಗಿದ್ದರೂ ಬೈತಿದ್ದೆ.

ನೀಲಿ ಛತ್ರಿ

ಮುರ್ಡೇಶ್ವರದ ಎದುರಿನ ನೇತ್ರಾಣಿ ಯಾರೂ ಹೇಳಲಿಲ್ಲವಲ್ಲ. ನಾವಿಬ್ಬರು ಡಿಸೆಂಬರಿನಲ್ಲಿ ಸ್ಕೂಬಾ ಮಾಡಿದೆವು. ನನಗೆ ಈಜು ಬರಲ್ಲ, ಆದರೂ ಜೊತೆಗೊಬ್ಬರು ಹಿಡಿದುಕೊಂಡೇ ಇಳಿಸುತ್ತಾರೆ. ದ್ವೀಪದ ಮೇಲೆ ಹತ್ತಲು ಬಿಡುವುದಿಲ್ಲ. ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಬಿಳಿಹೊಟ್ಟೆಯ ಕಡಲ ಹದ್ದುಗಳು ಬಂಡೆಯ ಮೇಲಿನ ಮರಗಳಲ್ಲಿ ಕೂತಿರುತ್ತವೆ. ಹೋಗುವಾಗ ನನ್ನ ಗಂಡನಿಗೆ ವಾಂತಿ, ಬರುವಾಗ ನನಗೆ. ನೀರೊಳಗಿನ ಅರ್ಧ ಗಂಟೆಗೆ ಅದು ದುಬಾರಿ ಅನಿಸಲಿಲ್ಲ.

ಧಾರವಾಡದಾಕಿ

ಎಲ್ಲಾರಿಗೂ ಥ್ಯಾಂಕ್ಸ್ ರಿ. ರೈಲಿಗೆ ಟಿಕೆಟ್ ತಗಸೀವಿ. ಪಂಚಾಂಗ ನೋಡಿದೆ, ನಾವು ತದಡಿ ಮುಟ್ಟೂದು ಸಪ್ತಮಿ ದಿವಸ. ಅತ್ತಿಗೆ ಕಗ್ಗದಕ್ಕಿ ರೊಟ್ಟಿ ಆಗ್ತಾವೇನಂತ ಕೇಳಬೇಕಂತ. ಡಬಲ್ ಬೆಲ್ ಅಣ್ಣಾರ, ದ್ವಾಣಿ ಹತ್ತೋ ಮುಂದ ಮತ್ತೇನರ ಕಾಳಜಿ ತಗೋಬೇಕೇನ್ರಿ?

ಕಗ್ಗದ ಗದ್ದೆ

ರೊಟ್ಟಿ ಆಗ್ತದೆ. ಅದು ದಪ್ಪ ಕೆಂಪಕ್ಕಿ, ಗಂಜಿಗೆ ಇನ್ನೂ ರುಚಿ. ಅತ್ತೆಯವರಿಗೆ ಅಗೆದು ತಿನ್ನಲು ಹಲ್ಲು ಗಟ್ಟಿ ಇದ್ದರೆ ಸರಿ.

ಡಬಲ್ ಬೆಲ್

ಅಮ್ಮನವರನ್ನು ದೋಣಿಯ ನಡುವೆ ಕೂರಿಸಿ, ಅಂಚಿಗೆ ಬೇಡ. ಜಾಕೆಟ್ ಕೇಳಿ, ನಕ್ಕರೂ ಕೇಳಿ. ಅಘನಾಶಿನಿ ಕಡೆಯ ಮೆಟ್ಟಿಲು ಜಾರುತ್ತೆ, ಚಪ್ಪಲಿ ಕೈಯಲ್ಲಿ ಹಿಡಿಯಿರಿ. ಚಿಲ್ಲರೆ ಇಟ್ಟುಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿ. ನಾನು ಆವತ್ತೇ ಕಟ್ಟಿಕೊಂಡೆ.

ಕೊಬ್ಬರಿಸೀಮೆ

ಕಟ್ಟಿದ್ದು ನಾನು. ಅದೂ ನನ್ನ ಲಂಗದ ಲಾಡಿ ಹರಿದು.